ಬೆಳಗಿನ ಜಾವ ನಾಲ್ಕೂವರೆಗೆ ಕೆರೆಯ ಡಿಓ: ನನ್ನ ಎಂಎಸ್ಸಿ ಪ್ರಾಜೆಕ್ಟಿನ ಅನುಭವ

ನಮ್ಮ ಬಡಾವಣೆಯ ಕೆರೆಯಲ್ಲಿ ನೀರು ಚಿಮ್ಮಿಸಿ ಗಾಳಿ ಬೆರೆಸುವ ಏರೇಟರ್‌ಗಳು ಈಗ ರಾತ್ರಿ ಎರಡಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ನಿಲ್ಲುತ್ತವೆ. ಮೊದಲು ಅವು ಸಂಜೆ ನಾಲ್ಕರಿಂದ ಎಂಟರವರೆಗೆ, ವಾಕಿಂಗ್ ಬರುವವರ ಕಣ್ಣ ಮುಂದೆ ಓಡುತ್ತಿದ್ದವು. ಆ ಹೊತ್ತು ಬದಲಾಗಿದ್ದು ನನ್ನ ಎಂಎಸ್ಸಿ ಪ್ರಾಜೆಕ್ಟಿನಿಂದ. ಅದು ಡಿಓ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕದ ಬಗ್ಗೆ. ‘ಕೆರೆಯ ಡಿಓನಲ್ಲಿ ಹೊಸದೇನಿದೆ, ಎಲ್ಲರೂ ಮಾಡಿ ಮುಗಿಸಿದ್ದಾರೆ’ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ವಿಂಕ್ಲರ್ ಅಂದರೆ ರಾಸಾಯನಿಕ ಹಾಕಿ ಡಿಓ ಅಳೆಯುವ ವಿಧಾನ. ಬಿಓಡಿ ಅಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, ಅದು ಹೆಚ್ಚಿದ್ದಷ್ಟೂ ನೀರು ಮಲಿನ. ಅದಕ್ಕಿಂತ ಹೆಚ್ಚಿನ ಪಾಠ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಪರಿಸರ ವಿಜ್ಞಾನ ಓದುವವರು ಕೆರೆ ಪ್ರಾಜೆಕ್ಟ್ ಹೇಗೆ ಮಾಡುತ್ತಾರೆ ಅಂತ ನಿಮಗೂ ಗೊತ್ತು. ಒಳಹರಿವು, ನಡುಭಾಗ, ಕೋಡಿ, ಹೀಗೆ ಮೂರು ಕಡೆ ನೀರು ತೆಗೆಯುವುದು. ಮೂರು ಕಾಲದಲ್ಲಿ ಒಂದೊಂದು ಸಲ. ಆಮೇಲೆ ವಾಟರ್ ಕ್ವಾಲಿಟಿ ಇಂಡೆಕ್ಸ್ ಹಾಕಿ ‘ಸಾಧಾರಣ ಮಲಿನ’ ಅಂತ ಬರೆದು ಬೈಂಡಿಂಗ್‌ಗೆ ಕೊಡುವುದು. ವಿಭಾಗದ ಲೈಬ್ರರಿಯಲ್ಲಿ ಹಳೆಯ ಥೀಸಿಸ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದೇ ಕೋಷ್ಟಕದಲ್ಲಿ ಬಿಓಡಿ ಲೀಟರಿಗೆ 20 ಮಿಲಿಗ್ರಾಂ ದಾಟಿದೆ, ಡಿಓ ಮಾತ್ರ 8, 9, ಒಂದು ಕಡೆ 11. ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಲೆಕ್ಕದಲ್ಲಿ ಮೀನು ಬದುಕಲು, ಅಂದರೆ ‘ಡಿ’ ವರ್ಗಕ್ಕೆ, ಲೀಟರಿಗೆ 4 ಮಿಲಿಗ್ರಾಂ ಡಿಓ ಸಾಕು. ಈ ಕೋಷ್ಟಕ ನೋಡಿದರೆ ಮೀನುಗಳು ಸುಖವಾಗಿರಬೇಕು. ಆದರೆ ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆಯ ದಿನ ಅದೇ ಕೆರೆಗಳಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಗಟ್ಟಲೆ ಮೀನು ಸತ್ತಿದ್ದು ಎಲ್ಲರಿಗೂ ನೆನಪಿದೆ. ಕೋಷ್ಟಕ ಸರಿಯಿದ್ದರೆ ಮೀನು ಯಾಕೆ ಸತ್ತವು?

ಉತ್ತರ ಮಾದರಿ ತೆಗೆದ ಹೊತ್ತಿನಲ್ಲಿತ್ತು. ಲ್ಯಾಬ್ ಬಾಗಿಲು ತೆರೆಯುವುದು ಹತ್ತಕ್ಕೆ, ವಿಭಾಗದ ವ್ಯಾನು ಹೊರಡುವುದು ಆಮೇಲೆ. ನೀರು ತೆಗೆಯುವ ಹೊತ್ತಿಗೆ ಹನ್ನೊಂದೂವರೆ. ಹಸಿರುಗಟ್ಟಿದ ಕೆರೆಯಲ್ಲಿ ಆ ಬಿಸಿಲಿಗೆ ಪಾಚಿ ಆಮ್ಲಜನಕವನ್ನು ಉಕ್ಕಿಸುತ್ತಿರುತ್ತದೆ. ಅದೇ ಪಾಚಿ ರಾತ್ರಿಯೆಲ್ಲ ಉಸಿರಾಡುತ್ತದೆ, ತಳದ ಹೂಳೂ ಆಮ್ಲಜನಕ ತಿನ್ನುತ್ತದೆ. ಮೀನಿಗೆ ಕಷ್ಟಕಾಲ ಸೂರ್ಯ ಹುಟ್ಟುವ ಮೊದಲಿನ ಒಂದು ಗಂಟೆ. ಆ ಗಂಟೆಯ ಒಂದು ಅಂಕಿಯೂ ಆ ಥೀಸಿಸ್‌ಗಳಲ್ಲಿ ನನಗೆ ಸಿಗಲಿಲ್ಲ.

ಗೈಡ್ ಮೇಡಂಗೆ ಹೇಳಿದೆ. ‘ಐಡಿಯಾ ಸರಿ, ಆದರೆ ಆ ಹೊತ್ತಲ್ಲಿ ನಿನ್ನನ್ನು ಕೆರೆಗೆ ಕಳಿಸಿ ನಾನು ಜವಾಬ್ದಾರಿ ಹೊರೋಕಾಗಲ್ಲ’ ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ಕೊನೆಗೆ ನನ್ನ ತಮ್ಮ ಜೊತೆಗೆ ಬರುತ್ತಾನೆ, ಅಪ್ಪ ಸಹಿ ಹಾಕಿಕೊಡುತ್ತಾರೆ ಅಂತ ಒಪ್ಪಿಸಿದೆ. ಕೆರೆಯ ಅನುಮತಿಗೆ ಓಡಾಡಿದ್ದು ಬೇರೆ ಕಥೆ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ, ಅಲ್ಲಿಂದ ಮತ್ತೆ ಮೊದಲಿನ ಕಚೇರಿಗೆ. ಎರಡು ತಿಂಗಳು ಅದಕ್ಕೇ ಹೋಯಿತು. ಜೂನಿಯರ್‌ಗಳಿಗೆ ಹೇಳುವುದಿಷ್ಟೇ: ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲೇ ಅರ್ಜಿ ಹಾಕಿ. ಅದರಲ್ಲಿ ‘ಬೆಳಗ್ಗೆ 4ರಿಂದ’ ಅಂತ ಬರೆಸಿಕೊಳ್ಳಿ. ಗೇಟಿನಲ್ಲಿರುವ ಸೆಕ್ಯುರಿಟಿಯವರು ಅದನ್ನೇ ನೋಡುತ್ತಾರೆ.

ಮೊದಲು ದುಡ್ಡು ಕಳೆದುಕೊಂಡಿದ್ದು ಡಿಓ ಮೀಟರಿನಲ್ಲಿ. ನಾನು, ಇಬ್ಬರು ಗೆಳತಿಯರು ಸೇರಿ ಸೆಕೆಂಡ್ ಹ್ಯಾಂಡ್ ಮೀಟರ್ ತಂದೆವು, ಸುಮಾರು 9,000 ರೂಪಾಯಿ. ಮೆಂಬ್ರೇನ್ ಇರುವ ಹಳೇ ಮಾದರಿ. ಹಗಲಲ್ಲಿ ಚೆನ್ನಾಗಿಯೇ ತೋರಿಸುತ್ತಿತ್ತು. ಬೆಳಗಿನ ಜಾವದ ನೀರಿಗೆ ಇಳಿಸಿದರೆ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಒಳಹರಿವಿನ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಹೈಡ್ರೋಜನ್ ಸಲ್ಫೈಡ್ ಎಲೆಕ್ಟ್ರೋಡನ್ನೇ ಕೆಡಿಸುತ್ತದೆ. ಎರಡು ಮೆಂಬ್ರೇನ್ ಬದಲಿಸಿದೆವು, ಅದಕ್ಕೆ ಇನ್ನೊಂದು ಸಾವಿರದಷ್ಟು. ಪ್ರಯೋಜನ ಆಗಲಿಲ್ಲ. ಆಪ್ಟಿಕಲ್ ಮೀಟರ್ ಇದ್ದರೆ ಈ ತೊಂದರೆ ಇಲ್ಲ, ಆದರೆ ಅದರ ಬೆಲೆಗೆ ನನ್ನ ಎರಡು ವರ್ಷದ ಫೀಸ್ ಕಟ್ಟಬಹುದಿತ್ತು.

ಹಾಗಾಗಿ ವಿಂಕ್ಲರ್. ಇದರಲ್ಲಿ ನೀರಿನ ಆಮ್ಲಜನಕಕ್ಕೆ ತಕ್ಕಷ್ಟು ಅಯೋಡಿನ್ ಹುಟ್ಟುತ್ತದೆ, ಅದನ್ನು ಥಯೋಸಲ್ಫೇಟ್ ಹಾಕಿ ಅಳೆಯುತ್ತೇವೆ. ನೂರು ವರ್ಷಕ್ಕಿಂತ ಹಳೆಯ ವಿಧಾನ, ಇವತ್ತಿಗೂ ಮೀಟರುಗಳನ್ನು ಇದರ ಜೊತೆ ತಾಳೆ ನೋಡುತ್ತಾರೆ. 300 ಎಂಎಲ್ ಬಿಓಡಿ ಬಾಟಲಿಗಳನ್ನು ಲ್ಯಾಬಿನಿಂದ ಎರವಲು ತಂದೆ. ಒಡೆದದ್ದಕ್ಕೆ ಒಂದಕ್ಕೆ 300 ರೂಪಾಯಿಯಂತೆ ಕಟ್ಟಿದೆ. ರಾಸಾಯನಿಕಗಳಲ್ಲಿ ಜೇಬು ಸುಡುವುದು ಪೊಟ್ಯಾಸಿಯಂ ಅಯೋಡೈಡ್ ಒಂದೇ. ಮ್ಯಾಂಗನೀಸ್ ಸಲ್ಫೇಟ್, ಥಯೋಸಲ್ಫೇಟ್ ಎಲ್ಲ ಅಗ್ಗ. ಒಟ್ಟು ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು.

ತೊಂದರೆ ಇದ್ದದ್ದು ಟೈಟ್ರೇಶನ್‌ನಲ್ಲಿ, ಅಂದರೆ ಥಯೋಸಲ್ಫೇಟ್ ಹನಿ ಹನಿ ಹಾಕಿ ಅಳೆಯುವುದರಲ್ಲಿ. ಕೆರೆಯ ಬಳಿಯೇ ರಾಸಾಯನಿಕ ಹಾಕಿ ಫಿಕ್ಸ್ ಮಾಡಿದ ಬಾಟಲಿಗಳನ್ನು ಸ್ಕೂಟರಿನಲ್ಲಿ ಹೊತ್ತುಕೊಂಡು ಹೋಗಿ ಹತ್ತು ಗಂಟೆಗೆ ಲ್ಯಾಬ್ ತೆರೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಒಂದೆರಡು ಸೋರುತ್ತಿದ್ದವು. ಏರಿಯ ಮೇಲೆ ಬ್ಯೂರೆಟ್ ಸ್ಟ್ಯಾಂಡ್ ನಿಲ್ಲಿಸಿ ನೋಡಿದೆ, ಗಾಳಿಗೆ ಬಿತ್ತು. ಆಗ ಹೊಳೆದದ್ದು ತೂಕದ ಉಪಾಯ. ಚಿನ್ನದ ಅಂಗಡಿಯಲ್ಲಿ ಇಡುವಂಥ ಪುಟ್ಟ ಡಿಜಿಟಲ್ ತಕ್ಕಡಿ ಎಸ್.ಪಿ. ರೋಡಿನಲ್ಲಿ 500 ರೂಪಾಯಿಗೆ ಸಿಕ್ಕಿತು. 0.01 ಗ್ರಾಂ ತೋರಿಸುತ್ತದೆ. ಥಯೋಸಲ್ಫೇಟನ್ನು ಕಣ್ಣಿಗೆ ಬಿಡುವ ಔಷಧಿಯ ಬಾಟಲಿಯಂಥದಕ್ಕೆ ತುಂಬಿ, ಹನಿ ಹಾಕುವ ಮೊದಲು ಒಂದು ತೂಕ, ಸ್ಟಾರ್ಚ್ ಹಾಕಿದಾಗ ಬಂದ ನೀಲಿ ಬಣ್ಣ ಹೋದ ಮೇಲೆ ಒಂದು ತೂಕ. ಕಡಿಮೆಯಾದ ಗ್ರಾಮೇ ನಿಮ್ಮ ಎಂಎಲ್. 203 ಎಂಎಲ್ ಮಾದರಿಗೆ 0.025 ನಾರ್ಮಲ್ ದ್ರಾವಣ ಆದರೆ ಒಂದು ಎಂಎಲ್ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಡಿಓ, ಲೆಕ್ಕವೇ ಬೇಡ. ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. ಲ್ಯಾಬಿನ ಬ್ಯೂರೆಟ್ ಪಕ್ಕದಲ್ಲಿಟ್ಟು ಒಂದೇ ನೀರನ್ನು ಎರಡೂ ರೀತಿ ಮಾಡಿ ತೋರಿಸಿದೆ. ವ್ಯತ್ಯಾಸ 0.1, ಜಾಸ್ತಿ ಅಂದರೆ 0.2. ಆಮೇಲೆ ಮೇಡಂ ತಾವೇ ಬೇರೆ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡಲು ಶುರು ಮಾಡಿದರು.

ಥಯೋಸಲ್ಫೇಟ್ ವಾರಗಟ್ಟಲೆ ಬಲ ಕಳೆದುಕೊಳ್ಳದಂತೆ ಇಡುವ ಒಂದು ದಾರಿ ಕಂಡುಕೊಂಡಿದ್ದೇನೆ. ಒಂದು ಮೀಟರ್ ಆಳದಿಂದ ಗುಳ್ಳೆ ಸೇರದ ಹಾಗೆ ಬಾಟಲಿ ತುಂಬಿಸುವ ಒಂದು ಜೋಡಣೆಯನ್ನೂ ಮಾಡಿಕೊಂಡಿದ್ದೇನೆ. ಇವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಕೆರೆಗೆ ಬಂದು ಜೊತೆಗೆ ನಿಂತು ಕೆಲಸ ಮಾಡಿದವರಿಗೆ ತೋರಿಸಿಕೊಟ್ಟಿದ್ದೇನೆ. ಸ್ಟಾರ್ಚಿನ ಬಗ್ಗೆ ಮಾತ್ರ ಹೇಳುತ್ತೇನೆ: ಮನೆಯ ಅನ್ನದ ಗಂಜಿ ತಿಳಿ ಮಾಡಿಕೊಂಡರೆ ಸಾಕು, ಆದರೆ ದಿನಾ ಹೊಸದು ಬೇಕು.

ಮಾರ್ಚ್ ಕೊನೆಯ ಒಂದು ಬೆಳಗ್ಗೆ. ನಾಲ್ಕೂವರೆ ಇರಬೇಕು. ಒಳಹರಿವಿನಿಂದ ಐವತ್ತು ಅಡಿ ದೂರದ ನೀರಿಗೆ ಮ್ಯಾಂಗನೀಸ್, ಆಮೇಲೆ ಕ್ಷಾರದ ದ್ರಾವಣ ಹಾಕಿದೆ. ಹಗಲಲ್ಲಿ ಇಲ್ಲಿ ಗಾಢ ಕಂದು ಬಣ್ಣ ಬರುತ್ತಿತ್ತು. ಈ ಸಲ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಮೊಸರಿನ ಹಾಗೆ ಬಿಳಿ. ಬಿಳಿ ಅಂದರೆ ಆಮ್ಲಜನಕ ಇಲ್ಲವೇ ಇಲ್ಲ. ದ್ರಾವಣ ಕೆಟ್ಟಿದೆಯೇನೋ ಅಂತ ಕುಡಿಯಲು ತಂದಿದ್ದ ನೀರಿಗೆ ಹಾಕಿ ನೋಡಿದೆ, ಕಂದು ಬಂತು. ದ್ರಾವಣ ಸರಿಯಿತ್ತು. ತಮ್ಮನ ಕೈ ಹಿಡಿದು ಕುಣಿಯುವಷ್ಟು ಖುಷಿ ಆಯಿತು. ಕೆರೆಗೆ ಅದು ಕೆಟ್ಟ ಸುದ್ದಿ, ಗೊತ್ತು. ಆದರೆ ಇಷ್ಟು ದಿನ ಹುಡುಕಿದ್ದು ಕಣ್ಣ ಮುಂದೆ ಬಂದಿತ್ತು.

ಹರಿಗೋಲಿನಲ್ಲಿದ್ದ ಮೀನಿನವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ. ‘ಈ ಹೊತ್ತಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಡೀತವಮ್ಮ. ಜಿಲೇಬಿ ಹೆಂಗೋ ತಡ್ಕೊಳ್ತದೆ, ಕಾಟ್ಲಾ ತಡ್ಕೊಳ್ಳಲ್ಲ’ ಅಂದರು. ಜಿಲೇಬಿ ಅಂದರೆ ತಿಲಾಪಿಯಾ ಮೀನು. ಆ ಅಣ್ಣನ ಮಾತನ್ನು ಥೀಸಿಸ್‌ನಲ್ಲಿ ಹಾಗೆಯೇ ಹಾಕಿದ್ದೇನೆ. ನನ್ನ ಅಂಕಿಗಳಿಗಿಂತ ಮೊದಲೇ ಗೊತ್ತಿದ್ದವರು ಅವರು.

ಆಮೇಲೆ 24 ಗಂಟೆಯ ಸುತ್ತುಗಳು. ಎರಡು ಗಂಟೆಗೊಮ್ಮೆ ನೀರು, ಕೆರೆಯ ಒಂದೇ ಜಾಗದಲ್ಲಿ. ತಿಂಗಳಿಗೊಮ್ಮೆ ಮಾಡಿದೆ, ಬೇಸಿಗೆಯಲ್ಲಿ ಎರಡು ಸಲ. ಮಧ್ಯಾಹ್ನ ಮೂರರ ಹೊತ್ತಿಗೆ ಡಿಓ 13, 14. ಬೆಳಗಿನ ಜಾವ 1ರ ಕೆಳಗೆ. ಇಲ್ಲಿ ಒಂದು ವಿಷಯ ಗಮನಿಸಿ. ಪಠ್ಯದಲ್ಲಿ 25 ಡಿಗ್ರಿಗೆ ಸ್ಯಾಚುರೇಶನ್, ಅಂದರೆ ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನ ಡಿಓ, 8.26 ಅಂತ ಇರುತ್ತದೆ, ಅದು ಸಮುದ್ರ ಮಟ್ಟಕ್ಕೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತು ಪರ್ಸೆಂಟ್ ಕಡಿಮೆ. ನಮಗೆ ಅದು ಸುಮಾರು 7.4. ಈ ತಿದ್ದುಪಡಿ ಮಾಡದೆ ಶೇಕಡಾವಾರು ಹಾಕಿದ ಥೀಸಿಸ್‌ಗಳು ಬೇಕಾದಷ್ಟಿವೆ. ಮಧ್ಯಾಹ್ನದ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) 9 ದಾಟುತ್ತಿತ್ತು. ಪಿಎಚ್ 7ರಲ್ಲಿ ಒಟ್ಟು ಅಮೋನಿಯದಲ್ಲಿ ಮೀನಿಗೆ ವಿಷವಾಗುವ ಭಾಗ ಒಂದು ಪರ್ಸೆಂಟೂ ಇರುವುದಿಲ್ಲ, 9ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಂದರೆ ಹಗಲಲ್ಲಿ ಅಮೋನಿಯ, ರಾತ್ರಿ ಉಸಿರುಗಟ್ಟುವುದು. ಮೀನಿಗೆ ಎರಡೂ ಕಡೆಯಿಂದ ಪೆಟ್ಟು. ತಳದ ನೀರಿನ ಅಂಕಿಗಳನ್ನು ಮಾತ್ರ ನಾನು ಬಳಸಲಿಲ್ಲ. ಅಲ್ಲಿ ಸಲ್ಫೈಡ್ ಇದ್ದಾಗ ಅಯೋಡಿನ್ನನ್ನು ಅದು ತಿಂದುಹಾಕುತ್ತದೆ, ವಿಂಕ್ಲರ್ ಕೂಡ ಕಡಿಮೆ ತೋರಿಸುತ್ತದೆ.

ಏರೇಟರ್ ಕಡೆ ಗಮನ ಹೋಗಿದ್ದು ಒಂದು ಸಂಜೆಯ ಸುತ್ತಿನಲ್ಲಿ. ಚಿಮ್ಮುವ ನೀರಿನ ಹತ್ತಿರ ಡಿಓ ಸುಮಾರು 10, ನೂರೈವತ್ತು ಅಡಿ ಆಚೆ 13. ಎಲ್ಲರೂ ತಲೆ ಕೆರೆದುಕೊಂಡರು, ಏರೇಟರ್ ಹತ್ತಿರ ಜಾಸ್ತಿ ಇರಬೇಕಲ್ವಾ? ನೀರು 7.4ಕ್ಕಿಂತ ಎಷ್ಟೋ ಮೇಲೆ ತುಂಬಿಕೊಂಡಿರುವಾಗ ಅದನ್ನು ಗಾಳಿಗೆ ಚಿಮ್ಮಿಸಿದರೆ ಆಮ್ಲಜನಕ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ರಾತ್ರಿಗೆ ಕೂಡಿಟ್ಟ ಆಮ್ಲಜನಕವನ್ನು ಸಂಜೆ ಕರೆಂಟ್ ಖರ್ಚು ಮಾಡಿ ಹೊರಗೆ ಹಾಕುತ್ತಿದ್ದರು. ಮೂರು ಎಚ್‌ಪಿಯ ಎರಡು ಮೋಟಾರ್, ನಾಲ್ಕು ಗಂಟೆ, ದಿನಕ್ಕೆ ಸುಮಾರು 18 ಯೂನಿಟ್. ಯೂನಿಟ್‌ಗೆ 0.7 ಕೆಜಿ ಲೆಕ್ಕ ಹಾಕಿದರೆ 13 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್. ಸಸ್ಟೈನಬಿಲಿಟಿ ಪೇಪರಿನಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳನ್ನು ಬಾಯಿಪಾಠ ಮಾಡುತ್ತೇವೆ. ನನಗೆ ಆ ಪೇಪರ್ ಅರ್ಥ ಆಗಿದ್ದು ಈ 13 ಕೆಜಿಯಲ್ಲಿ. ಅದೇ ಖರ್ಚು, ಅದೇ ಹೊಗೆ, ಫಲ ಮಾತ್ರ ಬೇಡದ ಹೊತ್ತಲ್ಲಿ ಬೇರೆ, ಬೇಕಾದ ಹೊತ್ತಲ್ಲಿ ಬೇರೆ.

ಕೆರೆ ಸಮಿತಿಯ ಮುಂದೆ ಗ್ರಾಫ್ ಇಟ್ಟೆ. ‘ಓದೋ ಹುಡುಗಿ, ಏನೋ ಹೇಳ್ತಾಳೆ’ ಅನ್ನುವ ಧಾಟಿಯೇ ಇತ್ತು. ಕಾರಂಜಿ ನೋಡಲು ಮಕ್ಕಳು ಬರುತ್ತಾರೆ ಅಂದರು. ರಾತ್ರಿ ಸದ್ದಾಗುತ್ತದೆ ಅಂತ ಎದುರಿನ ಅಪಾರ್ಟ್‌ಮೆಂಟಿನವರು ಬೇಸರ ಮಾಡಿಕೊಂಡರು. ಸಮಿತಿಯಲ್ಲಿದ್ದ ಒಬ್ಬ ನಿವೃತ್ತ ಇಂಜಿನಿಯರ್ ಅಂಕಲ್ ಮಾತ್ರ ‘ಹದಿನೈದು ದಿನ ನೋಡೋಣ, ಟೈಮರ್ ದುಡ್ಡು ನಂದು’ ಅಂದರು. ಟೈಮರ್, ವೈರಿಂಗ್ ಸೇರಿ ಎರಡು ಸಾವಿರದ ಹತ್ತಿರ ಆಯಿತು. ಎರಡನೇ ವಾರದಲ್ಲೇ ಏರೇಟರ್ ಸುತ್ತ ನೂರು ಅಡಿಯಲ್ಲಿ ಬೆಳಗಿನ ಜಾವದ ಡಿಓ 3ರ ಹತ್ತಿರ ಬಂತು. 4 ಅಲ್ಲ, ಆದರೆ 1ರ ಕೆಳಗಿದ್ದದ್ದು 3. ಮೀನುಗಳು ರಾತ್ರಿ ಆ ಸುತ್ತಿಗೇ ಬಂದು ಸೇರುವುದನ್ನು ಮೀನಿನವರೇ ತೋರಿಸಿದರು. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ರಾಜಕಾಲುವೆಯ ಕೊಳಚೆ ಕೆರೆಗೆ ನುಗ್ಗಿತು. ಹಿಂದಿನ ವರ್ಷ ಟ್ರ್ಯಾಕ್ಟರಿನಲ್ಲಿ ಸತ್ತ ಮೀನು ಸಾಗಿಸಿದ್ದರು. ಈ ಸಲ ಒಂದೆರಡು ಬುಟ್ಟಿ. ಒಂದು ಬೇಸಿಗೆಯಿಂದ ಎಲ್ಲ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಟೈಮರನ್ನು ಮತ್ತೆ ಸಂಜೆಗೆ ತಿರುಗಿಸಿ ಅಂತ ಯಾರೂ ಕೇಳಿಲ್ಲ. ಭಾನುವಾರ ಸಂಜೆ ಮಾತ್ರ ಮಕ್ಕಳಿಗಾಗಿ ಅರ್ಧ ಗಂಟೆ ಬಿಡುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪಿವಿಸಿ ಪೈಪಿನ ಚೌಕಟ್ಟಿಗೆ ಬಲೆ, ತೆಂಗಿನ ನಾರು ಕಟ್ಟಿ ಲಾವಂಚ, ಕಾಬಾಳೆ ನೆಟ್ಟು ತೇಲಿಬಿಟ್ಟೆ. ಸುಮಾರು 3,500 ಖರ್ಚು. ಕಾಬಾಳೆಯ ಎಳೆ ಚಿಗುರನ್ನು ನೀರುಕೋಳಿಗಳು ತಿಂದವು, ಲಾವಂಚ ಉಳಿಯಿತು. ಇಷ್ಟು ದೊಡ್ಡ ಕೆರೆಯಲ್ಲಿ ಪಾಚಿ ಬೆಳೆಸುವ ಫಾಸ್ಫೇಟಿನಲ್ಲಿ ಅದರಿಂದ ಆದ ವ್ಯತ್ಯಾಸ ಅಳೆಯುವಷ್ಟೂ ಇರಲಿಲ್ಲ. ಗಿಡಗಳಿಂದ ಕೆಲಸ ಆಗಬೇಕಾದರೆ ಬೆಂಗಳೂರಿನ ಜಕ್ಕೂರು ಕೆರೆಯ ಹಾಗೆ ಆಗಬೇಕು. ಅಲ್ಲಿ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಣ ಘಟಕ) ಬಂದ ನೀರು ದೊಡ್ಡ ಜೌಗು ಪ್ರದೇಶ ದಾಟಿ ಆಮೇಲೆ ಕೆರೆ ಸೇರುತ್ತದೆ. ಇನ್ನೊಂದು, ಫನೆಲ್ ಬೋರಲು ಹಾಕಿ ಅದರ ಮೂತಿಗೆ ನೀರು ತುಂಬಿದ ಬಾಟಲಿ ಕಟ್ಟಿ ಮುಳುಗಿಸಿದೆ, ತಳದಿಂದ ಏಳುವ ಗುಳ್ಳೆ ಹಿಡಿಯಲು. ಒಳಹರಿವಿನ ಹತ್ತಿರ ಒಂದು ರಾತ್ರಿಗೆ ಅರ್ಧ ಲೀಟರ್ ಗ್ಯಾಸ್, ನಡುಗೆರೆಯಲ್ಲಿ ಎರಡು ಬೆರಳಷ್ಟು. ಅದರಲ್ಲಿ ಮೀಥೇನ್ ಎಷ್ಟಿದೆ ಅಂತ ಪರೀಕ್ಷಿಸಲು ಹೊರಗಿನ ಲ್ಯಾಬ್ ಮಾದರಿ ಒಂದಕ್ಕೆ 1,500 ರೂಪಾಯಿ ಕೇಳಿತು, ಅಲ್ಲಿಗೇ ನಿಲ್ಲಿಸಿದೆ. ದುಡ್ಡು ಸಿಕ್ಕರೆ ಮೊದಲು ಮಾಡುವ ಕೆಲಸ ಇದೇ.

ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು, ‘ಎಲ್ಲರ ಹಾಗೆ ಹನ್ನೊಂದು ಗಂಟೆಗೆ ಯಾಕೆ ತೆಗೆದಿಲ್ಲ?’ ಅಂತ. 24 ಗಂಟೆಯ ಗ್ರಾಫ್ ತೆರೆದು ಹನ್ನೊಂದರ ಮೇಲೆ, ಐದರ ಮೇಲೆ ಬೆರಳಿಟ್ಟೆ. ಆಮೇಲಿನ ಪ್ರಶ್ನೆಗಳೆಲ್ಲ ತಕ್ಕಡಿಯ ಬಗ್ಗೆಯೇ ಇದ್ದವು. ಎಲ್ಲಿ ಸಿಗುತ್ತದೆ ಅಂತಲೂ ಕೇಳಿ ಬರೆದುಕೊಂಡರು. ಪ್ರಾಜೆಕ್ಟಿಗೆ ಬ್ಯಾಚಿನಲ್ಲಿ ಅತಿ ಹೆಚ್ಚು ಅಂಕ ನನಗೇ ಬಂತು.

ಈ ವರ್ಷ ಜೂನಿಯರ್‌ಗಳಲ್ಲಿ ಮೂವರು ಬೇರೆ ಬೇರೆ ಕೆರೆ ಹಿಡಿದಿದ್ದಾರೆ. ಅಯೋಡೈಡನ್ನು ಅರ್ಧ ಕೆಜಿ ಬಾಟಲಿಯಾಗಿ ಒಟ್ಟಿಗೆ ತರಿಸಿ ಹಂಚಿಕೊಳ್ಳುವಂತೆ ಹೇಳಿದ್ದೇನೆ, ಚಿಲ್ಲರೆ ಕೊಂಡರೆ ತುಂಬಾ ದುಬಾರಿ. ತಕ್ಕಡಿ ನನ್ನದನ್ನೇ ಕೊಟ್ಟಿದ್ದೇನೆ. ಬ್ಯಾಟರಿ ಮಾತ್ರ ಅವರೇ ಹಾಕಿಸಿಕೊಳ್ಳಬೇಕು.