ಇದ್ದ ಎಳೆಯಲ್ಲೇ ಚಿನ್ನ ಸಿಕ್ಕ ಬಗೆ

"ಎಳೆ ಇದೆ, ಚಿನ್ನ ಇಲ್ಲ" ಎಂದು ನನಗಿಂತ ಹಿರಿಯರು ಷರಾ ಬರೆದು ಕೈಬಿಟ್ಟ ಜಾಗ ಅದು. ಎಳೆ ಎಂದರೆ ಬಂಡೆಯ ಬಿರುಕಿನಲ್ಲಿ ಬೆಣಚುಕಲ್ಲು ತುಂಬಿ ಆದ ಪಟ್ಟಿ. ಈಗ ಅಲ್ಲೇ ಟನ್ನಿಗೆ ಎಂಟು–ಒಂಬತ್ತು ಗ್ರಾಂ ಬರುತ್ತಿದೆ.

ನೆಲದ ಮೇಲೆ ಒಳ್ಳೆಯ ಮಾದರಿ ಸಿಕ್ಕಲ್ಲಿ ಎಳೆಯ ಇಳಿಜಾರು ಹಿಡಿದು ನೇರ ಕೆಳಕ್ಕೆ ಕೊರೆಯುವುದು ರೂಢಿ. ಮಂಜೂರಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಬೆಣಚುಕಲ್ಲು ಎಲ್ಲ ರಂಧ್ರಗಳಲ್ಲೂ ಸಿಕ್ಕಿತು, ಒಂದು ಮೀಟರಿಗೂ ದಪ್ಪ. ಚಿನ್ನ ಮಾತ್ರ ಅರ್ಧ ಗ್ರಾಂ ದಾಟಲಿಲ್ಲ. ಹಣ ಹಾಕಿದವರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ನಾನು ಎಳೆಯನ್ನು ಬಿಟ್ಟು ಪಕ್ಕದ ಕಲ್ಲನ್ನು ನೋಡತೊಡಗಿದೆ. ಬಿಸಿನೀರಿನಲ್ಲಿ ಚಿನ್ನವನ್ನು ಕರಗಿಸಿ ಹಿಡಿದಿಡುವುದು ಗಂಧಕ. ಕಬ್ಬಿಣ ಹೆಚ್ಚಿರುವ ಕಲ್ಲು ಆ ಗಂಧಕವನ್ನು ಕಿತ್ತುಕೊಂಡು ಪೈರೈಟ್ (ಕಬ್ಬಿಣ–ಗಂಧಕದ ಖನಿಜ) ಆದರೆ ಚಿನ್ನ ಅಲ್ಲೇ ಕೂರಬೇಕು. ನಮ್ಮ ಎಳೆ ಅಂಥದೊಂದು ಪದರವನ್ನು ಸೀಳಿಕೊಂಡು ಹೋಗಿತ್ತು. ಎರಡೂ ಸಂಧಿಸುವ ಗೆರೆಯನ್ನು ನಕ್ಷೆಗೆ ಹಾಕಿದಾಗ, ಅದು ಎಳೆಯ ಮೈಮೇಲೆಯೇ ಉತ್ತರಕ್ಕೆ 35 ಡಿಗ್ರಿಯಷ್ಟು ಓರೆಯಾಗಿ ಇಳಿಯುತ್ತಿತ್ತು. ಹಳೆಯ ರಂಧ್ರಗಳೆಲ್ಲ ಅದರ ದಕ್ಷಿಣಕ್ಕಿದ್ದವು! ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು ನಕ್ಕೇ ಬಿಟ್ಟರು.

ಓರೆ ಹಿಡಿದು ಕೊರೆದ ಮೊದಲ ರಂಧ್ರದಲ್ಲೇ ಕಣ್ಣಿಗೆ ಕಾಣುವ ಚಿನ್ನ. ಆದರೆ ಪ್ರಯೋಗಾಲಯದ ವರದಿ ಎರಡು ಗ್ರಾಂ ಎಂದಿತು. ಅದೇ ಕೋರ್‌ನ (ರಂಧ್ರದಿಂದ ತೆಗೆದ ಕಲ್ಲಿನ ಕೋಲು) ಇನ್ನರ್ಧಕ್ಕೆ ನಲವತ್ತರ ಹತ್ತಿರ. ದಪ್ಪ ಕಾಳಿನ ಚಿನ್ನವನ್ನು 30 ಗ್ರಾಂ ಪುಡಿಯಲ್ಲಿ ಅಳೆಯುವುದು ಜೂಜು: ಕಾಳು ಬಿದ್ದರೆ ರಾಜ, ತಪ್ಪಿದರೆ ಭಿಕಾರಿ. ಒಂದು ಕಿಲೋ ಪುಡಿ ಮಾಡಿಸಿ, ಜರಡಿ ಹಿಡಿಸಿ, ಮೇಲುಳಿದದ್ದನ್ನು ಪೂರ್ತಿ ಪರೀಕ್ಷಿಸುವಂತೆ ಹೇಳಿದೆ. ಖರ್ಚು ಮೂರು ಪಟ್ಟು ಏರಿತು, ಲೆಕ್ಕ ವಿಭಾಗದವರು ಗೊಣಗಿದರು. ಅಂಕಿಗಳ ಕುಣಿತ ಬಹುಮಟ್ಟಿಗೆ ನಿಂತಿತು.

ನಡುವೆ ಒಂದು ಸಂಜೆಯ ಹುಚ್ಚು: ಹಾಲುಬಿಳಿ ಬೆಣಚನ್ನೂ ಬೂದುಪಟ್ಟೆಯ ಬೆಣಚನ್ನೂ ಬೇರೆಬೇರೆ ಕುಟ್ಟಿ ತಟ್ಟೆಯಲ್ಲಿ ತೊಳೆದೆ. ಚಿನ್ನದ ಬಾಲ (ತಟ್ಟೆಯಲ್ಲಿ ಉಳಿಯುವ ಕಣಗಳ ಗೆರೆ) ಬಂದದ್ದು ಪಟ್ಟೆಯದರಲ್ಲಿ ಮಾತ್ರ. ಬಿರುಕು ಮತ್ತೆ ಮತ್ತೆ ತೆರೆದು ಮುಚ್ಚಿದ ಗುರುತು ಆ ಪಟ್ಟೆಗಳು. ತೆರೆದಾಗಲೆಲ್ಲ ಒತ್ತಡ ಕುಸಿದು ಇನ್ನಷ್ಟು ಚಿನ್ನ ಇಳಿದಿರಬೇಕು. ಆರ್ಸೆನೋಪೈರೈಟ್ (ಚಿನ್ನದ ಜೊತೆ ಹೆಚ್ಚಾಗಿ ಕಾಣುವ ಆರ್ಸೆನಿಕ್ ಖನಿಜ) ಎಣಿಸಿ ಶ್ರೀಮಂತಿಕೆ ಊಹಿಸಲೂ ನೋಡಿದೆ. ಬಡ ಭಾಗದಲ್ಲಿ ಸರಿಹೋಯಿತು, ಸಿರಿವಂತ ಭಾಗದಲ್ಲಿ ಕೈಕೊಟ್ಟಿತು.

ಶ್ರೀಮಂತ ಭಾಗದ ಅಗಲ 40 ಮೀಟರ್ ಇದ್ದೀತು. ಓರೆಯ ಉದ್ದಕ್ಕೆ ಅದರ ಐದಾರು ಪಟ್ಟು ಸಿಕ್ಕಿದೆ, ಕೊನೆ ಇನ್ನೂ ಬಂದಿಲ್ಲ. ವರದಿ ಬರುವ ಮೊದಲೇ ಅಂಚು ಸಮೀಪಿಸಿತೆಂದು ಕೋರ್ ನೋಡಿ ಹೇಳುವ ಒಂದು ಗುರುತಿದೆ. ಪಕ್ಕದ ಜಾಗದ ಪರವಾನಗಿ ಕೈಸೇರುವವರೆಗೆ ಅದು ನನ್ನಲ್ಲೇ ಇರಲಿ.