ಅಗ್ಗದ ಕೊರಿಯರ್ ಹಿಡಿಯುವ ಮುನ್ನ ಲೆಕ್ಕ ಹಾಕಿ

ಕಾಪುವಿನ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಒತ್ತಿ ಒಣಗಿಸಿ ಮುಂಬೈ, ಬೆಂಗಳೂರಿಗೆ ಕಳಿಸುತ್ತೇವೆ. ಒಂದು ವರ್ಷ ಕಿಲೋಗೆ 10 ರೂಪಾಯಿ ಉಳಿಯುತ್ತದೆಂದು ಹೊಸ ಕೊರಿಯರ್ ಹಿಡಿದೆವು. ಆಟಿ ತಿಂಗಳ ಮಳೆಯಲ್ಲಿ ಹೋದ 14 ಪೆಟ್ಟಿಗೆಗಳಲ್ಲಿ 5 ಬೂಸ್ಟು ಹಿಡಿದು ತಲುಪಿದವು, ಒಂದು ತಲುಪಲೇ ಇಲ್ಲ. ದುಡ್ಡು ಹೋದದ್ದು ಹೋಯಿತು. ವರ್ಷಗಟ್ಟಲೆ ತರಿಸುತ್ತಿದ್ದ ಇಬ್ಬರು ಗಿರಾಕಿಗಳು ಮತ್ತೆ ಫೋನ್ ಮಾಡದೇ ಹೋದದ್ದು ಇವತ್ತಿಗೂ ನೋವು.

ಮೊದಲು ಟೇಪ್ ಹಿಡಿದು ಪೆಟ್ಟಿಗೆ ಅಳೆಯಿರಿ. ಹಪ್ಪಳ, ಸಂಡಿಗೆಯಂಥ ಹಗುರ ಮಾಲಿಗೆ ತಕ್ಕಡಿಯ ತೂಕ ಲೆಕ್ಕಕ್ಕಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಕೊರಿಯರ್‌ನವರಲ್ಲಿ ಕೆಲವರು 5000ದಿಂದ, ಕೆಲವರು 4000ದಿಂದ ಭಾಗಿಸಿ, ಬಂದದ್ದನ್ನೇ ಕಿಲೋ ಲೆಕ್ಕದ ತೂಕ ಎನ್ನುತ್ತಾರೆ. 40, 30, 30ರ ಪೆಟ್ಟಿಗೆಯಲ್ಲಿ 3 ಕಿಲೋ ಹಪ್ಪಳ ಇದೆ ಅನ್ನಿ. 5000ದ ಲೆಕ್ಕದಲ್ಲಿ ಅದು 7.2 ಕಿಲೋ, ಅರ್ಧ ಕಿಲೋಗೆ ಏರಿಸಿ ಬಿಲ್ಲಿಗೆ ಬರುವಾಗ 7.5. ಕಿಲೋಗೆ 70ರಂತೆ 525 ರೂಪಾಯಿ. 4000ದ ಲೆಕ್ಕದಲ್ಲಿ ಅದೇ ಪೆಟ್ಟಿಗೆ 9 ಕಿಲೋ, 60ರಂತೆ 540. ಅಗ್ಗದವನೇ ತುಟ್ಟಿಯಾದ! ಇದರ ಮೇಲೆ ಇಂಧನದ ಸರ್ಚಾರ್ಜ್, ಶೇ. 18 ಜಿಎಸ್‌ಟಿ. ಹಾಗಾಗಿ ರೇಟ್ ಕೇಳುವ ಮೊದಲು, ಎಷ್ಟರಿಂದ ಭಾಗಿಸುತ್ತೀರಿ ಎಂದು ಕೇಳಿ.

ಮಾಲು ಕಳೆದುಹೋದರೆ ಎಷ್ಟು ಸಿಗುತ್ತದೆ ಎಂಬುದು ಎರಡನೇ ಪ್ರಶ್ನೆ. ಹೆಚ್ಚಿನವರು ಇಲ್ಲೇ ಎಡವುವುದು. 2007ರ ರಸ್ತೆ ಸಾಗಣೆ ಕಾಯ್ದೆ ಕೊರಿಯರ್‌ನವರಿಗೂ ಅನ್ವಯಿಸುತ್ತದೆ. ಅದರ 2011ರ ನಿಯಮಗಳ ಪ್ರಕಾರ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ. 3000 ರೂಪಾಯಿಯ ಉಡುಪಿ ಸೀರೆಯನ್ನು 50 ರೂಪಾಯಿಗೆ ಕಳಿಸಿದಿರಿ, ಅದು ಕಾಣೆಯಾಯಿತು. ಕೈಗೆ ಬರುವುದು ಹೆಚ್ಚೆಂದರೆ 500. ಬಾಡಿಗೆ ಇಳಿದಷ್ಟೂ ಪರಿಹಾರವೂ ಇಳಿಯುತ್ತದೆ ನೋಡಿ. ನೇಕಾರರು ಮಗ್ಗದಲ್ಲಿ ಕೂತು ದಿನಗಟ್ಟಲೆ ನೇಯ್ದ ಸೀರೆಗೆ ಆ ಬೆಲೆ ಕಟ್ಟಲು ನನಗಂತೂ ಮನಸ್ಸು ಬಾರದು. ಬೆಲೆಬಾಳುವ ಮಾಲಾದರೆ ಅದರ ಮೌಲ್ಯವನ್ನು ರಶೀದಿಯಲ್ಲಿ ಬರೆಸಿ, ಹೆಚ್ಚಿನ ಹೊಣೆ ಹೊರಲು ಅವರು ಕೇಳುವ ರಿಸ್ಕ್ ದರ ಕೊಟ್ಟೇ ಕಳಿಸಿ. ಅದಕ್ಕೆ ಒಪ್ಪದ ಏಜೆಂಟನನ್ನು ಅಲ್ಲಿಗೇ ಬಿಡಿ.

ಮೂರನೆಯದು ಪರೀಕ್ಷೆ. ಗಿರಾಕಿಗಳ ಮಾಲು ಬೇಡ, ನೆಂಟರಿಗೇ ಐದಾರು ಪಾರ್ಸೆಲ್ ಕಳಿಸಿ. ಒಂದು ಬೆಂಗಳೂರಿಗೆ, ಒಂದು ಮುಂಬೈಗೆ, ಒಂದು ಹೆಬ್ರಿಯಿಂದ ಒಳಗಿನ ಯಾವುದಾದರೂ ಹಳ್ಳಿಗೆ. ಹಳ್ಳಿಯ ಪಾರ್ಸೆಲ್‌ನಲ್ಲೇ ಬಣ್ಣ ಬಯಲಾಗುವುದು. ಮನೆ ಬಾಗಿಲಿಗೆ ತರುತ್ತಾರೋ, "ಕಾರ್ಕಳಕ್ಕೆ ಬಂದು ತಗೊಂಡು ಹೋಗಿ ಮಾರ್ರೆ" ಎನ್ನುತ್ತಾರೋ ಗೊತ್ತಾಗುತ್ತದೆ. ಇದನ್ನು ಮಳೆಗಾಲದಲ್ಲೇ ಮಾಡಬೇಕು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದು ರಸ್ತೆ ಬಂದ್ ಆದಾಗ ಮಾಲು ಎಲ್ಲಿ ನಿಲ್ಲುತ್ತದೆ, ಆ ಗೋದಾಮು ಸೋರುತ್ತದೆಯೇ, ಮೂಟೆಗಳನ್ನು ನೆಲಕ್ಕೇ ಹಾಕುತ್ತಾರೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಹತ್ತಿರದ ಗೋದಾಮಿಗೆ ಒಮ್ಮೆ ಹೋಗಿ ನೋಡಿ. ಒಣಮೀನಿನ ಚೀಲದ ಪಕ್ಕ ಕೂತ ಹಪ್ಪಳವನ್ನು ಯಾರೂ ತಿನ್ನರು.

ಕ್ಯಾಶ್ ಆನ್ ಡೆಲಿವರಿ ಇದ್ದರೆ ಗಿರಾಕಿ ಕೊಟ್ಟ ಹಣ ಎಷ್ಟು ದಿನಕ್ಕೆ ನಿಮ್ಮ ಖಾತೆಗೆ ಬರುತ್ತದೆ, ವಾಪಸ್ ಬಂದ ಮಾಲಿಗೆ ಎಷ್ಟು ಬಾಡಿಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಾರಕ್ಕಿಂತ ಹೆಚ್ಚು ದಿನದ ಹಣ ಅವರ ಕೈಯಲ್ಲಿ ಉಳಿಯಲು ಬಿಡಬೇಡಿ.

ಇಷ್ಟಾಗಿಯೂ ಮಾಲು ಹೋದರೆ ಫೋನಿನಲ್ಲಿ ಜಗಳವಾಡಿ ದಿನ ಕಳೆಯಬಾರದು. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಆ ಕಾಯ್ದೆಯಡಿ ದಾವೆ ಹೂಡಲು ಬಾರದು. ಪ್ಯಾಕಿಂಗಿನ ಫೋಟೊ, ತೂಕದ ಚೀಟಿ, ರಶೀದಿಯ ಪ್ರತಿ ಸೇರಿಸಿ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಶೀದಿಯನ್ನು ಬಿಲ್ಲಿಗೇ ಪಿನ್ ಹೊಡೆದಿಡಿ.