ಸಿಮ್ಯುಲೇಟರ್ ಹೆಲಿಕಾಪ್ಟರಿನಲ್ಲಿ ಟ್ರಿಮ್: ನಾನು ಅನುಸರಿಸುವ ಕ್ರಮ

ವಿಮಾನ ಹಾರಿಸಿ ಪಳಗಿದವರು ಹೆಲಿಕಾಪ್ಟರಿಗೆ ಬಂದಾಗ ಟ್ರಿಮ್ (ಕೈಯಿಂದ ಒತ್ತಿ ಹಿಡಿಯದೆಯೇ ನಿಯಂತ್ರಣ ಬೇಕಾದ ಜಾಗದಲ್ಲಿ ನಿಲ್ಲುವಂತೆ ಹೊಂದಿಸುವುದು) ವಿಷಯದಲ್ಲೇ ಹೆಚ್ಚು ಕಷ್ಟಪಡುತ್ತಾರೆ. ವಿಮಾನದಲ್ಲಿ ಒಂದು ವೇಗಕ್ಕೆ ಟ್ರಿಮ್ ಹೊಂದಿಸಿ ಕೈ ಬಿಟ್ಟರೆ ಅದು ತಾನಾಗಿಯೇ ಆ ವೇಗಕ್ಕೆ ಮರಳುತ್ತದೆ. ಸಣ್ಣ ಹೆಲಿಕಾಪ್ಟರಿಗೆ ಆ ಗುಣವಿಲ್ಲ. ಸೈಕ್ಲಿಕ್ (ಯಂತ್ರವನ್ನು ಹಿಂದೆ ಮುಂದೆ, ಎಡ ಬಲಕ್ಕೆ ವಾಲಿಸುವ ಸ್ಟಿಕ್) ಈಗ ಎಲ್ಲಿದೆಯೋ ಅದನ್ನೇ ಹೊಸ ನಡುಬಿಂದು ಎಂದು ಗುರುತು ಹಾಕಿಡುವುದಷ್ಟೇ ಅಲ್ಲಿ ಟ್ರಿಮ್ಮಿನ ಕೆಲಸ. ಯಂತ್ರವನ್ನು ಸ್ಥಿರವಾಗಿ ನಿಲ್ಲಿಸಬೇಕಾದ್ದು ನಮ್ಮ ಕೈಯೇ. ಹಾಗಾಗಿ ಮೊದಲು ಸ್ಥಿರಗೊಳಿಸಿ, ಆಮೇಲೆ ಟ್ರಿಮ್ ಮಾಡಬೇಕು. ತೇಲಾಡುತ್ತಿರುವಾಗ ಬಟನ್ ಒತ್ತಿದರೆ ಆ ತೇಲಾಟವೇ ನಡುಬಿಂದುವಾಗುತ್ತದೆ.

ನಿಜವಾದ ಯುಎಚ್-1 ಹ್ಯೂಯಿ ಹೆಲಿಕಾಪ್ಟರಿನಲ್ಲಿ ಸೈಕ್ಲಿಕ್ ಮತ್ತು (ಮೂತಿ ತಿರುಗಿಸಲು ಕಾಲಲ್ಲಿ ಒತ್ತುವ) ಪೆಡಲುಗಳಿಗೆ ಸ್ಪ್ರಿಂಗ್ ಇದ್ದು, ಅದರ ಇನ್ನೊಂದು ತುದಿಯನ್ನು ಮ್ಯಾಗ್ನೆಟಿಕ್ ಬ್ರೇಕ್ ಹಿಡಿದಿರುತ್ತದೆ. ಸೈಕ್ಲಿಕ್ ಮೇಲಿನ ಫೋರ್ಸ್ ಟ್ರಿಮ್ ಬಟನ್ ಒತ್ತಿದಾಗ ಬ್ರೇಕ್ ಸಡಿಲವಾಗಿ ಸ್ಪ್ರಿಂಗಿನ ಎಳೆತ ಹೋಗುತ್ತದೆ. ಬಟನ್ ಬಿಟ್ಟಾಗ ಬ್ರೇಕ್ ಹೊಸ ಜಾಗದಲ್ಲಿ ಕಚ್ಚಿಕೊಳ್ಳುತ್ತದೆ. ಪೈಲಟ್ ಕೈ ತೆಗೆದರೂ ಸೈಕ್ಲಿಕ್ ಅಲ್ಲೇ ನಿಲ್ಲುತ್ತದೆ. ನಮ್ಮ ಮೇಜಿನ ಮೇಲಿನ ಜಾಯ್‌ಸ್ಟಿಕ್ ಹಾಗಲ್ಲ. ಅದರ ಸ್ಪ್ರಿಂಗ್ ಯಾವಾಗಲೂ ತನ್ನದೇ ನಡುವಿಗೆ ಎಳೆಯುತ್ತದೆ. ಸಿಮ್ಯುಲೇಟರ್ ಮಾಡುವುದು ಇಷ್ಟೇ: ಬಟನ್ ಬಿಟ್ಟ ಕ್ಷಣದಲ್ಲಿ ಸ್ಟಿಕ್ ಇದ್ದ ಜಾಗವನ್ನು ನೆನಪಿಟ್ಟುಕೊಂಡು, ಆಮೇಲೆ ನೀವು ಕೊಡುವುದನ್ನೆಲ್ಲ ಅದರ ಮೇಲೆ ಕೂಡಿಸುತ್ತದೆ.

ಎಡವಟ್ಟು ಆಗುವುದೇ ಈ ಕೂಡಿಸುವಲ್ಲಿ. ಸ್ಟಿಕ್ಕನ್ನು ಶೇಕಡಾ 20ರಷ್ಟು ಮುಂದೆ ತಳ್ಳಿ ಹಿಡಿದು ಟ್ರಿಮ್ ಮಾಡಿದಿರಿ ಎನ್ನಿ. ಸ್ಟಿಕ್ ಇನ್ನೂ ಅಲ್ಲೇ ಇದ್ದರೆ ಟ್ರಿಮ್ಮಿನ 20, ಕೈಯ 20, ಒಟ್ಟು 40 ಆಗಿ ಮೂತಿ ಧಡಕ್ಕನೆ ಕೆಳಗಿಳಿಯುತ್ತದೆ. ಗಾಬರಿಯಲ್ಲಿ ಹಿಂದಕ್ಕೆ ಎಳೆದರೆ ಮೇಲಕ್ಕೆ ನೆಗೆಯುತ್ತದೆ. ಇದನ್ನು ತಪ್ಪಿಸಲು, ಕಂಪ್ಯೂಟರಿನ ಹಾರಾಟ ಸಿಮ್ಯುಲೇಟರ್ ಆದ ಡಿಸಿಎಸ್‌ನ ಸ್ಪೆಷಲ್ ಆಯ್ಕೆಗಳಲ್ಲಿ ಆ ಹೆಲಿಕಾಪ್ಟರಿನ ಪುಟ ತೆರೆದು ಸೆಂಟ್ರಲ್ ಪೊಸಿಷನ್ ಟ್ರಿಮ್ಮರ್ ಮೋಡ್ ಆರಿಸಿ. ಆಗ ಟ್ರಿಮ್ ಮಾಡಿದ ಮೇಲೆ ಸ್ಟಿಕ್ ನಡುವಿಗೆ ಬರುವ ತನಕ ಕೈಯ ಚಲನೆಯನ್ನು ಸಿಮ್ಯುಲೇಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಪ್ರಿಂಗ್ ಇರುವ ಮಾಮೂಲಿ ಜಾಯ್‌ಸ್ಟಿಕ್ಕಿಗೆ ಇದೇ ಸರಿ. ಸ್ಪ್ರಿಂಗ್ ಬಿಚ್ಚಿಟ್ಟವರಿಗೆ, ಫೋರ್ಸ್ ಫೀಡ್‌ಬ್ಯಾಕ್ ಸ್ಟಿಕ್ ಇರುವವರಿಗೆ ಬೇರೆ ಆಯ್ಕೆ ಉಂಟು. ಅವರು ಅದನ್ನೇ ಹಾಕಿಕೊಳ್ಳಬೇಕು.

ಈ ಮೋಡಿನಲ್ಲಿ ಒಂದು ಎಚ್ಚರ ಬೇಕು. ಸ್ಟಿಕ್ ಮರಳುವಷ್ಟು ಹೊತ್ತು ಯಂತ್ರ ನಿಮ್ಮ ಮಾತು ಕೇಳುವುದಿಲ್ಲ, ಆದ್ದರಿಂದ ನಿಧಾನವಾಗಿ ತರಬೇಡಿ. ಬಟನ್ ಬಿಟ್ಟ ಕೂಡಲೇ ಬೆರಳುಗಳನ್ನು ಸಡಿಲಿಸಿ, ಸ್ಪ್ರಿಂಗೇ ಸ್ಟಿಕ್ಕನ್ನು ನಡುವಿಗೆ ಒಯ್ಯಲಿ. ಪೂರ್ತಿ ಕೈಬಿಟ್ಟರೆ ಸ್ಟಿಕ್ ನಡುವನ್ನು ದಾಟಿ ಆಚೀಚೆ ಅಲ್ಲಾಡುವುದರಿಂದ ಮೆಲ್ಲಗೆ ಮುಟ್ಟಿಕೊಂಡೇ ಇರಬೇಕು.

ನಮ್ಮ ಕರಾವಳಿಯವರು ಜಾಯ್‌ಸ್ಟಿಕ್ಕಿನ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಮಂಗಳೂರಿನ ಸೆಖೆ, ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗಾಲದ ತೇವ, ಇವಕ್ಕೆ ಅಗ್ಗದ ಸ್ಟಿಕ್ಕಿನ ಪೊಟೆನ್ಶಿಯೋಮೀಟರ್ (ಸ್ಟಿಕ್ ಎಲ್ಲಿದೆ ಎಂದು ಅಳೆಯುವ ಭಾಗ) ಬೇಗ ಹಾಳಾಗುತ್ತದೆ. ಮುಟ್ಟದಿದ್ದರೂ ಅಂಕಿ ನಡುಗುತ್ತಿರುತ್ತದೆ. ಸ್ಟಿಕ್ ನಡುವಿಗೆ ಬಂದಿದೆ ಎಂದು ಸಿಮ್ಯುಲೇಟರಿಗೆ ಖಾತ್ರಿಯಾಗದೆ, ಟ್ರಿಮ್ ಮಾಡಿದ ಮೇಲೆ ಸೈಕ್ಲಿಕ್ ಸತ್ತಂತೆ ಅನ್ನಿಸುತ್ತದೆ. ಆಕ್ಸಿಸ್ ಟ್ಯೂನ್‌ನಲ್ಲಿ ಡೆಡ್‌ಝೋನ್ (ಸ್ಟಿಕ್ ಅಲ್ಲಾಡಿದರೂ ಲೆಕ್ಕಕ್ಕೆ ಬಾರದ ನಡುವಿನ ಜಾಗ) 2 ಅಥವಾ 3 ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಸ್ಟಿಕ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹಾಕುವುದು ಒಳ್ಳೆಯದು. ಡೆಡ್‌ಝೋನ್ ದೊಡ್ಡದಾದಷ್ಟೂ ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು) ಕಷ್ಟವಾಗುತ್ತದೆ. ಹೊಸದು ಕೊಳ್ಳುವವರು ಹಾಲ್ ಸೆನ್ಸರ್ (ಆಯಸ್ಕಾಂತದಿಂದ ಸ್ಟಿಕ್ಕಿನ ಜಾಗ ಅಳೆಯುವ ಭಾಗ) ಇರುವುದನ್ನೇ ಕೊಳ್ಳಲಿ. ಅದರಲ್ಲಿ ಉಜ್ಜಿ ಸವೆಯುವ ಭಾಗವೇ ಇಲ್ಲ.

ಕರ್ವ್ (ನಡುವಿನಲ್ಲಿ ಸ್ಟಿಕ್ಕನ್ನು ಮೃದುವಾಗಿಸಿ ಅಂಚಿನಲ್ಲಿ ಚುರುಕಾಗಿಸುವ ಹೊಂದಿಕೆ) 10ರಿಂದ 20ರ ಒಳಗಿದ್ದರೆ ಸಾಕು. ಟ್ರಿಮ್ ಮಾಡಿದಾಗ ಸ್ಟಿಕ್ಕಿನ ಮೃದುವಾದ ನಡುಭಾಗವೂ ಹೊಸ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ. ಟ್ರಿಮ್ ಬಳಸದೆ ಸ್ಟಿಕ್ಕನ್ನು ಬದಿಗೆ ಒತ್ತಿ ಹಿಡಿದೇ ಹಾರಿಸುವವರ ಕೈ ಯಾವಾಗಲೂ ಕರ್ವಿನ ಕಡಿದಾದ ಭಾಗದಲ್ಲಿರುತ್ತದೆ. ಅವರ ಹೋವರ್ ಕೂರದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಹೋವರಿಗೆ ಬರುವ ಮೊದಲು ಬಲಗಡೆಯ ಕಂಟ್ರೋಲ್ ಕೀ ಜತೆ ಎಂಟರ್ ಒತ್ತಿ. ಡಿಸಿಎಸ್‌ನಲ್ಲಿ ಕಂಟ್ರೋಲುಗಳ ಸ್ಥಿತಿ ತೋರಿಸುವ ಸಣ್ಣ ಚೌಕ ಮೂಲೆಯಲ್ಲಿ ಬರುತ್ತದೆ. ಟ್ರಿಮ್ ಸೇರಿ ಸೈಕ್ಲಿಕ್ ನಿಜವಾಗಿ ಎಲ್ಲಿದೆ ಎಂಬುದು ಅಲ್ಲಿ ಕಾಣುತ್ತದೆ. ಕಲಿಯುವಾಗ ಇದನ್ನು ಮುಚ್ಚಲೇಬಾರದು. ಹ್ಯೂಯಿಯ ಮುಖ್ಯ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಕಲೆಕ್ಟಿವ್ (ಯಂತ್ರವನ್ನು ಮೇಲೆತ್ತುವ, ಇಳಿಸುವ ಸನ್ನೆ) ಏರಿಸಿದಷ್ಟೂ ಎಡ ಪೆಡಲ್ ಬೇಕು. ಬಾಲದ ರೋಟರ್ ಇಡೀ ಯಂತ್ರವನ್ನು ಬಲಕ್ಕೆ ತಳ್ಳುವುದರಿಂದ ಸೈಕ್ಲಿಕ್ ಎಡಕ್ಕೂ ತುಸು ಹಿಂದಕ್ಕೂ ಇರಬೇಕು. ಎಡಗಡೆಯ ಸ್ಕಿಡ್ (ಚಕ್ರದ ಬದಲು ಕೆಳಗಿರುವ ಉದ್ದ ಕೊಳವೆ) ಸ್ವಲ್ಪ ತಗ್ಗಿ ತೂಗಿದರೆ ಅದು ಸರಿಯಾದ ಹೋವರ್. ನೆಲದಿಂದ ನಾಲ್ಕೈದು ಅಡಿ ಮೇಲೆ, ಮೊದಲು ಕಲೆಕ್ಟಿವ್, ಆಮೇಲೆ ಪೆಡಲ್, ಕೊನೆಗೆ ಸೈಕ್ಲಿಕ್ ಎಂಬ ಕ್ರಮದಲ್ಲಿ ನಿಲ್ಲಿಸಿ, ಎರಡು ಮೂರು ಸೆಕೆಂಡ್ ಜಾರದೆ ನಿಂತ ಮೇಲೆ ಒಮ್ಮೆ ಟ್ರಿಮ್ ಒತ್ತುತ್ತೇನೆ. ಕಲೆಕ್ಟಿವ್ ಬದಲಾದರೆ ಉಳಿದೆರಡೂ ಬದಲಾಗುವುದರಿಂದ ಈ ಕ್ರಮ ತಿರುವುಮುರುವಾದರೆ ಕೆಲಸ ಮುಗಿಯುವುದೇ ಇಲ್ಲ.

ಹೋವರಿನಿಂದ ಮುನ್ನುಗ್ಗುವ ಹಂತದಲ್ಲಿ ಅವಸರ ಮಾಡಬಾರದು. ಸುಮಾರು 16ರಿಂದ 24 ನಾಟ್ ವೇಗದಲ್ಲಿ ರೋಟರಿಗೆ ಹೊಸ ಗಾಳಿ ಸಿಕ್ಕಿ ಎತ್ತುವ ಬಲ ದಿಢೀರನೆ ಹೆಚ್ಚುತ್ತದೆ. ಯಂತ್ರ ನಡುಗುತ್ತದೆ, ಮೂತಿ ಮೇಲೇಳುತ್ತದೆ, ಸೈಕ್ಲಿಕ್ಕನ್ನು ಇನ್ನಷ್ಟು ಮುಂದೆ ಒತ್ತಬೇಕಾಗುತ್ತದೆ. ಈ ಹೊಯ್ದಾಟದ ನಡುವೆ ಟ್ರಿಮ್ ಒತ್ತಿದರೆ ಅದು ಕ್ಷಣ ಮಾತ್ರಕ್ಕೆ ಸರಿ, ಮರುಕ್ಷಣ ತಪ್ಪು. 40 ನಾಟ್ ದಾಟುವ ತನಕ ಸ್ಪ್ರಿಂಗಿನ ವಿರುದ್ಧ ಕೈಯಲ್ಲೇ ಹಿಡಿದಿದ್ದು, ಅಲ್ಲಿ ಒಮ್ಮೆ, 60ರಲ್ಲಿ ಒಮ್ಮೆ, 80–90ಕ್ಕೆ ಸಮನಾದ ಮೇಲೆ ಒಮ್ಮೆ ಟ್ರಿಮ್ ಮಾಡಿದರೆ ಪ್ರತಿ ಸಲವೂ ಸಣ್ಣ ತಿದ್ದುಪಡಿ ಸಾಕಾಗುತ್ತದೆ. ತಿರುವಿನಲ್ಲಿ ಮಾತ್ರ ಹ್ಯೂಯಿಗೆ ಟ್ರಿಮ್ ಮಾಡಬೇಡಿ. ಬದಿಗೆ ಒತ್ತಿ ತಿರುಗಿ ಮುಗಿದ ಮೇಲೆ ಸಡಿಲಿಸಿದರೆ, ಮೊದಲು ಹೊಂದಿಸಿದ್ದ ನೇರ ಹಾರಾಟ ಅಲ್ಲೇ ಕಾದಿರುತ್ತದೆ.

ಡಿಸಿಎಸ್‌ನಲ್ಲಿ ನಮ್ಮ ಊರಿನ ನಕ್ಷೆ ಇಲ್ಲ. ಅದಕ್ಕಾಗಿ ದೂರದ ಹಾರಾಟದ ಅಭ್ಯಾಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ. 2022ರ ನವೆಂಬರಿನಲ್ಲಿ ಅದಕ್ಕೆ ಬೆಲ್ 407 ಮತ್ತು ಕ್ಯಾಬ್ರಿ ಜಿ2 ಹೆಲಿಕಾಪ್ಟರುಗಳು ಬಂದವು. ಕ್ಯಾಬ್ರಿಯ ರೋಟರ್ ಉಲ್ಟಾ ತಿರುಗುವುದರಿಂದ ಅದಕ್ಕೆ ಬೇಕಾದ್ದು ಬಲ ಪೆಡಲ್ ಎಂಬುದು ನೆನಪಿರಲಿ. ಕಂಟ್ರೋಲ್ ಪಟ್ಟಿಯಲ್ಲಿ ರೋಟರ್ ಟ್ರಿಮ್ ಎಂದು ಹುಡುಕಿ, ಮುಂದೆ-ಹಿಂದೆ ಮತ್ತು ಎಡ-ಬಲ ಆಜ್ಞೆಗಳನ್ನು ಸ್ಟಿಕ್ಕಿನ ಹ್ಯಾಟ್ ಸ್ವಿಚ್ಚಿಗೆ ಜೋಡಿಸಿ. ಇದು ಒಂದೊಂದು ಒತ್ತಿಗೆ ಒಂದಿಷ್ಟು ಸರಿಯುವ ಬಗೆ. ಒತ್ತುತ್ತಾ ಹೋದಂತೆ ಕೈಯ ಭಾರ ಇಳಿಸುತ್ತಾ ಬರಬೇಕು.

ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಉಡುಪಿ ಬಳಿಯ ಮಲ್ಪೆಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 48 ಕಿಲೋಮೀಟರ್. 90 ನಾಟ್‌ನಲ್ಲಿ ಹದಿನೇಳು ಹದಿನೆಂಟು ನಿಮಿಷ, ಟ್ರಿಮ್ ಕಲಿಯಲು ಹೇಳಿ ಮಾಡಿಸಿದ ದಾರಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ನೆಲಕ್ಕೆ ತಾಗಿಕೊಂಡು ಹೋಗಿ ಅಂಚು ದಾಟಿದರೆ ಕೆಳಗಿನ ನೆಲದ ಆಸರೆ ತಪ್ಪಿ ಹೆಚ್ಚು ಕಲೆಕ್ಟಿವ್, ಅದರ ಹಿಂದೆಯೇ ಹೆಚ್ಚು ಪೆಡಲ್ ಬೇಕಾಗುತ್ತದೆ. ಟ್ರಿಮ್ ಅಂಚು ದಾಟಿದ ಮೇಲೆ. ಪಣಂಬೂರಿನ ಹತ್ತಿರ ಕಡಲಿಗೆ ಬಂದು, ಎಡಕ್ಕೆ ಸಮುದ್ರ ಇಟ್ಟುಕೊಂಡು ಕಾಪು ದೀಪಸ್ತಂಭದ ಮೇಲಿನಿಂದ ಹೋಗಬಹುದು. ಮಧ್ಯಾಹ್ನದ ಪಡುಗಾಳಿ ಎಡಬದಿಯಿಂದ ಬೀಸುವಾಗ ಮೂತಿಯನ್ನು ತುಸು ಗಾಳಿಗೆ ತಿರುಗಿಸಿ, ಸ್ಲಿಪ್ ಚೆಂಡನ್ನು (ಯಂತ್ರ ಬದಿಗೆ ಜಾರುತ್ತಿದೆಯೇ ಎಂದು ತೋರಿಸುವ ಮಾಪಕದ ಚೆಂಡು) ನಡುವಿಗೆ ತಂದು, ಆಮೇಲೆ ಎಡ-ಬಲ ಟ್ರಿಮ್. ಚೆಂಡು ಬದಿಗಿರುವಾಗ ಟ್ರಿಮ್ ಮಾಡಿದರೆ ಪೆಡಲಿನ ತಪ್ಪನ್ನು ಸೈಕ್ಲಿಕ್ ಹೊರಬೇಕಾಗುತ್ತದೆ.

ಗಾಳಿಯಲ್ಲಿ ಹೋವರ್ ಮಾಡುವಾಗ ಇನ್ನೊಂದು ವಿಷಯ. ಉತ್ತರಕ್ಕೆ ಮುಖ ಮಾಡಿ ಪಡುಗಾಳಿಗೆ ಎಡಕ್ಕೆ ವಾಲಿಸಿ ಟ್ರಿಮ್ ಮಾಡಿದ್ದೀರಿ. ಈಗ ಮೂತಿಯನ್ನು ಪಶ್ಚಿಮಕ್ಕೆ ತಿರುಗಿಸಿದರೆ ಆ ಎಡವಾಲು ದಕ್ಷಿಣದ ಕಡೆಗಾಗಿ ಯಂತ್ರ ಆ ಕಡೆ ಜಾರುತ್ತದೆ. ಹೋವರಿನಲ್ಲಿ ದಿಕ್ಕು ಬದಲಿಸಿದರೆ ಹೊಸದಾಗಿ ಟ್ರಿಮ್ ಮಾಡಲೇಬೇಕು.

ಡಿಸಿಎಸ್‌ನಲ್ಲಿರುವ ರಷ್ಯದ ಯುದ್ಧ ಹೆಲಿಕಾಪ್ಟರ್ ಕಾ-50ರಲ್ಲಿ ಲೆಕ್ಕವೇ ಬೇರೆ. ಅಲ್ಲಿ ಟ್ರಿಮ್ ಬಟನ್ ಆಟೋಪೈಲಟ್ಟಿಗೂ ಇದೇ ದಿಕ್ಕು, ಇದೇ ಭಂಗಿ ಹಿಡಿ ಎಂದು ಹೇಳುತ್ತದೆ. ಬಟನ್ ಮುಟ್ಟದೆ ತಿರುಗಿಸಿದರೆ ಆಟೋಪೈಲಟ್ ತನಗಿರುವ ಶೇಕಡಾ 20 ಅಧಿಕಾರದಲ್ಲಿ ಹಳೆಯ ದಿಕ್ಕಿಗೆ ಎಳೆಯುತ್ತಲೇ ಇರುತ್ತದೆ. ತಿರುಗಲು ಶುರುಮಾಡುವಾಗ ಬಟನ್ ಒತ್ತಿ ಹಿಡಿದು, ಹೊಸ ದಿಕ್ಕಿಗೆ ನೇರವಾದ ಮೇಲೆ ಬಿಟ್ಟರೆ ಜಗಳ ಇರುವುದಿಲ್ಲ.

ಇಳಿಯುವಾಗ ಬಂದ ಮೆಟ್ಟಿಲುಗಳನ್ನೇ ಹಿಂದಕ್ಕೆ ಇಳಿಯಬೇಕು: 80, 60, 40, ಒಂದೊಂದರಲ್ಲೂ ಸ್ವಲ್ಪ ಹಿಂದಕ್ಕೆ ಟ್ರಿಮ್. ಟ್ರಿಮ್ ರಿಸೆಟ್ ಒಂದೇ ಸಲಕ್ಕೆ ಎಲ್ಲವನ್ನೂ ಅಳಿಸುತ್ತದೆಂದು ಅದನ್ನು ಗಾಳಿಯಲ್ಲಿ ಒತ್ತುವವರಿದ್ದಾರೆ. 90 ನಾಟ್‌ನಲ್ಲಿ ಮುಂದಕ್ಕಿರುವ ಸೈಕ್ಲಿಕ್ ಅದರಿಂದ ಒಮ್ಮೆಲೇ ನಡುವಿಗೆ ಹಾರಿ, ಮೂತಿ ಆಕಾಶ ನೋಡುತ್ತದೆ. ರಿಸೆಟ್ ನೆಲದ ಮೇಲೆ ಮಾತ್ರ. ಮಲ್ಪೆಯ ಮರಳಿಗೆ ಎರಡೂ ಸ್ಕಿಡ್ ತಾಗಿ, ಕಲೆಕ್ಟಿವ್ ಪೂರ್ತಿ ಕೆಳಗಾದ ಮೇಲೆ ಒತ್ತಿ, ಬಟನ್ ಕೆಲಸ ಮಾಡಿದೆಯೇ ಎಂದು ಕಾಕ್‌ಪಿಟ್ಟಿನ ಸೈಕ್ಲಿಕ್ ನೋಡಿ ಖಚಿತಪಡಿಸಿಕೊಳ್ಳಿ. ಹಳೆಯ ಟ್ರಿಮ್ ಬದಿಗೆ ಉಳಿದಿರುವಾಗ ಮತ್ತೆ ಕಲೆಕ್ಟಿವ್ ಏರಿಸಿದರೆ ಒಂದು ಸ್ಕಿಡ್ ಮರಳಲ್ಲೇ ಊರಿಕೊಂಡು, ಇನ್ನೊಂದು ಮೇಲೆದ್ದು, ಹೆಲಿಕಾಪ್ಟರ್ ಪಕ್ಕಕ್ಕೆ ಮಗುಚುತ್ತದೆ. ಹಾಗೆ ಮಗುಚತೊಡಗಿದರೆ ಸೈಕ್ಲಿಕ್ಕಿನಿಂದ ತಡೆಯಲು ಹೋಗದೆ ಕಲೆಕ್ಟಿವನ್ನು ಮೆಲ್ಲಗೆ ಇಳಿಸಬೇಕು.